ಗ್ವಾದಲಿ ಮುಂದಿನ ಜೀಪು

ಉದಗೀರದಲ್ಲಿ ಆ ಜೀಪು ಕೊಳ್ಳುವ ಮೊದಲೇ ಅದರ ಐಬು ನಾನು ನೋಡಿದ್ದೆ. ನೋಡಿಯೂ ಅಣ್ಣನಿಗೆ ಹೇಳಲಿಲ್ಲ. ಮನೆಗೆ ತಂದ ಮೇಲೂ ಹೇಳಲಿಲ್ಲ. ಅದರಿಂದ ಆಗಬಾರದ್ದು ಆಗಿ, ಊರೆಲ್ಲ ಅಣ್ಣನ ಕಡೆ ಬೆರಳು ಮಾಡಿದಾಗಲೂ ಬಾಯಿ ಬಿಡಲಿಲ್ಲ. ಇದನ್ನು ಮೊದಲೇ ಬರೆದುಬಿಡುತ್ತೇನೆ. ಮುಂದಕ್ಕೆ ಇಟ್ಟರೆ ಕೈ ಮತ್ತೆ ಹಿಂಜರಿದೀತು.

ನನ್ನ ಓದು ಅಷ್ಟಕ್ಕಷ್ಟೇ. ನಿಜಾಮನ ಕಾಲದ ಶಾಲೆಯಲ್ಲಿ ಉರ್ದು ನಾಲ್ಕನೇ ಇಯತ್ತೆವರೆಗೆ ಕಲಿತೆ. ಕನ್ನಡ ಅಕ್ಷರವನ್ನು ಮಠದಲ್ಲಿ ಸ್ವಾಮಿಗಳು ಉಸುಕಿನ ಮೇಲೆ ತಿದ್ದಿಸಿದರು. ಮರಾಠಿ ಸಂತೆಯಲ್ಲಿ ತಾನಾಗಿ ಬಂತು. ಬರೆದದ್ದು ಎಲ್ಲಾದರೂ ಡೊಂಕಾಗಿದ್ದರೆ ಓದುವವರು ನೆಟ್ಟಗೆ ಮಾಡಿಕೊಳ್ಳಬೇಕು.

ನಮ್ಮ ಊರು ಉಮರ್ಗಾ ಬಿಟ್ಟು ನೀಲಂಗಾದ ಕಡೆ ಹೋಗುವ ಕಚ್ಚಾ ರಸ್ತೆಗೆ ಹತ್ತಿಕೊಂಡಿದೆ. ಕರಿ ಭೂಮಿ. ಜೋಳ, ತೊಗರಿ, ಕುಸುಬೆ ಬೆಳೆಯುತ್ತಿದ್ದೆವು. ಮನೆಯಲ್ಲಿ ಅವ್ವ, ಅಣ್ಣ, ನಾನು. ತಂಗಿಯನ್ನು ಶಿರೂರ ಅನಂತಪಾಳದ ಆಚೆ ಒಂದು ಹಳ್ಳಿಗೆ ಕೊಟ್ಟಿದ್ದೆವು. ಆಕೆಯ ಲಗ್ನ ಆಗಲಿ ಎಂದು ಅಣ್ಣ ತನ್ನದನ್ನು ಮುಂದಕ್ಕೆ ಹಾಕಿದ್ದ.

ಅವನು ಮೋಟಾರು ಯಾಕೆ ಕೊಂಡ ಎಂಬುದನ್ನೂ ಹೇಳಬೇಕು. ಇಲ್ಲವಾದರೆ ಊರವರ ಹಾಗೆ ನೀವೂ ಷೋಕಿಗೆ ಕೊಂಡ ಎಂದು ತಿಳಿದೀರಿ. ಪೋಲೀಸ್ ಆ್ಯಕ್ಷನ್ನಿನ ಮೊದಲಿನ ಗಲಾಟೆಯ ದಿನಗಳಲ್ಲಿ ಅಪ್ಪನಿಗೆ ಹೊಟ್ಟೆಯಲ್ಲಿ ತಡೆಯಲಾರದ ನೋವು ಬಂತು. ಸೊಲ್ಲಾಪುರದ ದವಾಖಾನೆಗೆ ಒಯ್ಯಬೇಕೆಂದು ಬಂಡಿಯಲ್ಲಿ ಹಾಕಿಕೊಂಡು ಹೊರಟೆವು. ಎತ್ತುಗಳ ಬಾಲ ತಿರುವಿ ತಿರುವಿ ಅಣ್ಣನ ಕೈಗೆ ರಕ್ತ ಹತ್ತಿತ್ತು. ಎತ್ತು ಎಷ್ಟು ಓಡೀತು? ಯೆಣೆಗೂರ ದಾಟುವ ಹೊತ್ತಿಗೆ ಅಪ್ಪ ತಣ್ಣಗಾಗಿದ್ದ. ಅಣ್ಣ ಬಂಡಿ ತಿರುಗಿಸುವ ಮುಂಚೆ ಎತ್ತುಗಳ ಮುಂದೆ ನಿಂತು, ಅವಕ್ಕೇ ಹೇಳುವ ಹಾಗೆ ಅಂದ: "ನಿಮ್ಮ ಕಾಲಿನ ಮ್ಯಾಲ ಇನ್ನೊಂದು ಜೀವ ಇಡಂಗಿಲ್ಲ ನಾ." ಅವತ್ತಿನಿಂದ ಅವನ ತಲೆಯಲ್ಲಿ ಮೋಟಾರು ಕೂತಿತು.

ಇನ್ನು ಸಂತೆಯ ಮಾತು. ನಮ್ಮ ಕಡೆ ದನದ ಸಂತೆಯಲ್ಲಿ ಬೆಲೆಯನ್ನು ಬಾಯಿಂದ ಹೇಳುವುದಿಲ್ಲ. ಮಾರುವವನೂ ಕೊಳ್ಳುವವನೂ ಒಂದು ವಸ್ತ್ರದ ಕೆಳಗೆ ಕೈ ಸೇರಿಸಿ, ಬೆರಳು ಹಿಡಿದು ವ್ಯಾಪಾರ ಕೂಡಿಸುತ್ತಾರೆ. ಕೈಗಳು ಅರಿವೆಯ ಒಳಗೆ ಇರುವಷ್ಟು ಹೊತ್ತು ಬದಿಯಲ್ಲಿ ನಿಂತವರು ದನದ ಐಬು ಎತ್ತಬಾರದು. ಎತ್ತುವುದಿದ್ದರೆ ಮೊದಲೇ ಎತ್ತಬೇಕು. ಜೀಪು ಕೊಳ್ಳುವ ಹಿಂದಿನ ವರ್ಷ ಉದಗೀರದ ಸಂತೆಯಲ್ಲಿ ನಾನು ಇದನ್ನು ಮುರಿದಿದ್ದೆ. ಅಣ್ಣನ ಕೈ ಒಳಗಿತ್ತು. ಎತ್ತಿನ ಬೆನ್ನ ಮೇಲೆ ಒಂದು ಸುಳಿ ಕಂಡು ನಾನು ಕೂಗಿಬಿಟ್ಟೆ: "ಅಣ್ಣಾ, ಇದಕ್ಕ ಕೆಟ್ಟ ಸುಳಿ ಅದ!" ಮಾರುವವನು ವಸ್ತ್ರ ಝಾಡಿಸಿ ಎದ್ದು ಹೋದ. ನೆರೆದವರು ನಕ್ಕರು. ಆ ಎತ್ತನ್ನು ನಮ್ಮ ಬದಿಯ ಊರಿನವನೇ ಕೊಂಡ. ಅದು ನಮ್ಮ ಕಣ್ಣ ಮುಂದೆಯೇ ಹುಲಿಯ ಹಾಗೆ ರಂಟೆ ಎಳೆಯಿತು.

ಅದು ಬದುವಿನ ಆಚೆ ಕಂಡಾಗಲೆಲ್ಲ ಅಣ್ಣ ನನ್ನನ್ನು ಕರೆಯುತ್ತಿದ್ದ. "ಏ ಪಂಡಿತಾ, ನಿನ್ನ ಸುಳಿ ಹೊಂಟದ ನೋಡು."

ಬಾವಿಯ ಹತ್ತಿರ ಹೋದರೆ ಹೆಂಗಸರ ಮುಂದೆ, "ಸರೀರಿ, ಪಂಡಿತರು ಬಂದಾರ, ಕೊಡಕ್ಕ ಸುಳಿ ಅದ ಏನ ಕೇಳ್ರಿ."

ಅವನ ಮನಸ್ಸಿನಲ್ಲಿ ಕೇಡು ಇರಲಿಲ್ಲ. ನಾನೂ ಎಲ್ಲರ ಜೊತೆ ನಗುತ್ತಿದ್ದೆ. ಆದರೆ ಆಮೇಲೆ ಹೆಂಗಸರು ಇಲ್ಲದ ಹೊತ್ತು ನೋಡಿ ಬಾವಿಗೆ ಹೋಗತೊಡಗಿದೆ.

ಜೀಪು ಇದ್ದದ್ದು ಉದಗೀರದ ಒಬ್ಬ ಗುತ್ತೇದಾರನ ಅಂಗಳದಲ್ಲಿ. ಮಿಲಿಟರಿಯವರು ಲಿಲಾವು ಕೂಗಿದಾಗ ಹಿಡಿದ ಮಾಲು. ಸ್ಟೇರಿಂಗು ಎಡಗಡೆಗೆ. ಮೇಲೆ ತಾಡಪತ್ರಿಯ ಹೊದಿಕೆ, ಅದಕ್ಕೆ ಅಲ್ಲಲ್ಲಿ ತೇಪೆ. ಅಂಗಳ ಸಮ ಇದ್ದರೂ ಮುಂದಿನ ಚಕ್ರಕ್ಕೊಂದು, ಹಿಂದಿನ ಚಕ್ರಕ್ಕೊಂದು ಕಲ್ಲು ಕೊಟ್ಟಿದ್ದರು.

"ಬರ್ರಿ ಗೌಡ್ರ," ಎಂದ ಗುತ್ತೇದಾರ. "ಇದು ಬರ್ಮಾ ಲಡಾಯಿ ನೋಡಿ ಬಂದ ಮಾಲು. ಇದರ ಮುಂದ ಈಗಿನ ಮೋಟಾರ ಅಂದ್ರ ಹುಡುಗರ ಆಟಿಗಿ ಸಾಮಾನು."

"ಎಷ್ಟು ಓಡ್ಯಾದ್ರಿ?" ಎಂದ ಅಣ್ಣ.

"ಮೈಲಿನ ಗಡಿಯಾರ ಇಲ್ಲೇ ಅದಲಾ, ನೀವೇ ನೋಡ್ರಿ."

ಅಣ್ಣ ಬಗ್ಗಿ ಅಂಕಿ ಓದಿದ. ಅವನ ಮುಖ ಅರಳಿತು. "ಇಷ್ಟೇ?"

ಗುತ್ತೇದಾರ ಹೊಟ್ಟೆ ಕುಣಿಸಿ ನಕ್ಕ. "ಗೌಡ್ರ, ಸುಳ್ಳ ಯಾಕ ಹೇಳ್ಲಿ? ಅಂಕಿ ಎಲ್ಲಾ ಮುಗದು ಮತ್ತ ಸೊನ್ನಿಯಿಂದ ಸುರು ಆಗ್ಯಾವ. ಇದು ಎರಡನೇ ಸುತ್ತೋ ಮೂರನೇದೋ, ಆ ಗೋರಾ ಸಿಪಾಯಿಗೇ ಕೇಳಬೇಕು."

"ಅಂದ್ರ ಹಲ್ಲು ಕೂಡಿದ ಎತ್ತು ಅನ್ರಿ."

"ಹಾಂ, ಹಲ್ಲು ಕೂಡ್ಯಾವ. ಆದ್ರ ಹೆಗಲ ನೋಡ್ರಿ ಹ್ಯಾಂಗ ಅದ!"

ಹಲ್ಲು ಎಲ್ಲ ಬಂದು ಕೂಡಿದ ಎತ್ತಿನ ವಯಸ್ಸನ್ನು ಯಾರೂ ಹೇಳಲಾರರು. ಅದು ಅಣ್ಣನಿಗೆ ಗೊತ್ತಿಲ್ಲದ ಮಾತಲ್ಲ. ಆದರೂ ಅವನು ಎತ್ತಿನ ಪಕ್ಕೆ ತಟ್ಟುವ ಹಾಗೆ ಜೀಪಿನ ಮುಂಭಾಗ ತಟ್ಟಿದ. ಅದು ಟಣ್ಣೆಂದಿತು. ಅವನಿಗೆ ಆ ಸಪ್ಪಳ ಹಿಡಿಸಿತು.

ಸಂತೆಯಲ್ಲಿ ಹಿರಿಯವನು ಮುಂದಿನಿಂದ ನೋಡಿದರೆ ಕಿರಿಯವನು ಹಿಂದೆ ಹೋಗಿ ಕಾಲು ನೋಡಬೇಕು. ಅಭ್ಯಾಸದಂತೆ ನಾನು ಹಿಂದೆ ಹೋದೆ. ಒಂದು ಹಿಂದಿನ ಚಕ್ರದ ಒಳಮೈ ತೇವವಾಗಿತ್ತು. ಕೆಳಗಿನ ಮಣ್ಣಿನಲ್ಲಿ ಕಪ್ಪನೆಯ ಕಲೆ. ಬೆರಳು ಹಚ್ಚಿದೆ. ಜಿಡ್ಡಿಗೆ ಜಾರಿತು. ಸೀಮೆಎಣ್ಣೆಯ ವಾಸನೆ ಅಲ್ಲ, ಇಂಜಿನ್ನಿನ ಎಣ್ಣೆಯ ವಾಸನೆಯೂ ಅಲ್ಲ. ಆಮೇಲೆ ಗುತ್ತೇದಾರನ ಡ್ರೈವರ್ ನಮ್ಮಿಬ್ಬರನ್ನೂ ಕೂಡಿಸಿಕೊಂಡು ಕಿಲ್ಲೆಯ ಕಡೆ ಒಂದು ಸುತ್ತು ಹಾಕಿಸಿದ. ಅಣ್ಣ ರಸ್ತೆ ನೋಡುತ್ತಿದ್ದ. ನಾನು ಡ್ರೈವರನ ಕಾಲು ನೋಡುತ್ತಿದ್ದೆ. ಬ್ರೇಕಿನ ಪೆಡಲು ಮೊದಲ ತುಳಿತಕ್ಕೆ ತಳದವರೆಗೆ ಹೋಗಿಬಿಡುತ್ತಿತ್ತು. ಅವನು ಕಾಲೆತ್ತಿ ಮತ್ತೆ ತುಳಿದರೆ ಆಗ ಹಿಡಿಯುತ್ತಿತ್ತು. ಪ್ರತಿ ಸಲವೂ ಹಾಗೆಯೇ.

ಅಣ್ಣ ಅದನ್ನು ಒಮ್ಮೆ ಕೇಳಿದ. ಡ್ರೈವರ್ ತಡವರಿಸದೆ ಹೇಳಿದ: "ಎರಡು ಸಲ ತುಳೀಬೇಕ್ರಿ. ಮೊದಲನೇದು ಎಬ್ಬಿಸಲಿಕ್ಕ, ಎರಡನೇದು ನಿಲ್ಲಸಲಿಕ್ಕ. ಲಷ್ಕರಿ ಗಾಡಿಗಿ ಇದೇ ಕಾಯದಾ." ಜನ್ಮದಲ್ಲಿ ಬೇರೆ ಮೋಟಾರಿನ ಮೇಲೆ ಕೂರದಿದ್ದ ಅಣ್ಣ ಹೂಂ ಎಂದು ಗೋಣು ಹಾಕಿದ.

ಅಂಗಳಕ್ಕೆ ಬಂದು ಇಳಿದ ಕೂಡಲೇ ಅವನು ಹೆಗಲ ಮೇಲಿನ ವಸ್ತ್ರ ತೆಗೆದು ಗುತ್ತೇದಾರನ ಕೈ ಮೇಲೆ ಹಾಸಿದ.

"ಏನ ಗೌಡ್ರ, ನಾ ಏನ ದನ ಮಾರ್ಲಿಕತ್ತೀನಿ?"

"ಹೊಂದಿಸ್ಕೋರಿ. ಬಾಯಿ ವ್ಯಾಪಾರ ನಮಗ ಬರಂಗಿಲ್ಲ."

ಇಬ್ಬರ ಕೈಗಳೂ ಒಳಗೆ ಹೋದವು. ಅರಿವೆ ಅಲ್ಲಾಡತೊಡಗಿತು. ಆಗ ಅಣ್ಣ ನನ್ನ ಕಡೆ ನೋಡಿ, ಅಲ್ಲಿದ್ದವರಿಗೆಲ್ಲ ಕೇಳುವಂತೆ ಅಂದ: "ಏ ಪಂಡಿತಾ, ಸುಳಿ ನೋಡಿದೇನು?"

ಡ್ರೈವರ್ ನಕ್ಕ. ಗುತ್ತೇದಾರನೂ ನಕ್ಕ. ಕೈ ಒಳಗಿದ್ದಾಗ ಬಾಯಿ ತೆರೆಯಬಾರದು ಎಂಬ ರೂಢಿಯ ನೆವವನ್ನು ನಾನು ವರ್ಷಗಟ್ಟಲೆ ಮನಸ್ಸಿಗೆ ಹೇಳಿಕೊಂಡಿದ್ದೇನೆ. ಆದರೆ ಅವತ್ತು ಅವನೇ ಕೇಳಿದ್ದ. ಚೇಷ್ಟೆಗೇ ಇರಲಿ, ಕೇಳಿದ್ದ. ನನ್ನ ಬೆರಳಿನ ಜಿಡ್ಡು ಇನ್ನೂ ಆರಿರಲಿಲ್ಲ.

"ಎಲ್ಲಾ ಬರೋಬ್ಬರಿ ಅದ," ಎಂದೆ.

ಒಂದು ಸಲ ಇವನೂ ಮೋಸ ಹೋಗಲಿ, ನಾಲ್ಕು ಮಂದಿಯ ಮುಂದೆ ನಾನೂ ಇವನನ್ನು ಪಂಡಿತಾ ಎನ್ನುವ ಹಾಗೆ ಆಗಲಿ ಎನ್ನಿಸಿತು. ಇಷ್ಟೇ ಇದ್ದದ್ದು ಮನಸ್ಸಿನಲ್ಲಿ. ಇದಕ್ಕಿಂತ ದೊಡ್ಡದೇನಾದರೂ ಇದ್ದಿದ್ದರೆ ಬರೆಯುವುದು ಹಗುರವಾಗುತ್ತಿತ್ತು.

ವ್ಯಾಪಾರ ಕೂಡಿತು. ಅಣ್ಣ ಒಳಗೆ ನೀರು ಕುಡಿಯಲು ಹೋದಾಗ ಗುತ್ತೇದಾರ ನನ್ನನ್ನು ಬದಿಗೆ ಕರೆದು ಒಂದು ಸಣ್ಣ ತಗಡಿನ ಡಬ್ಬಿ ಕೊಟ್ಟ. "ತಮ್ಮಾ, ನಿನ್ನ ಕಣ್ಣು ಚುರುಕ ಅದ, ನಾ ನೋಡೀನಿ. ಕಾಲ ಕೆಳಗಿನ ಮುಚ್ಚಳ ತೆಗದು ಆಗಾಗ ಈ ಎಣ್ಣಿ ಹಾಕು. ಅಣ್ಣನ ತಲಿ ಯಾಕ ಕೆಡಸ್ತಿ?" ನಾನು ಡಬ್ಬಿಯನ್ನು ಸೀಟಿನ ಕೆಳಗೆ ತಳ್ಳಿದೆ. ಅವನು ನನ್ನ ಬೆನ್ನು ತಟ್ಟಿದ. ಆ ತಟ್ಟು ಇವತ್ತಿಗೂ ಬೆನ್ನ ಮೇಲೆ ಇದೆ.

ಡ್ರೈವರನಿಂದ ಓಡಿಸುವುದು ಕಲಿಯಲು ಅಣ್ಣ ಉದಗೀರದಲ್ಲೇ ಕೆಲವು ದಿನ ನಿಂತ. ಆಮೇಲೆ ನಾವಿಬ್ಬರೇ ನೀಲಂಗಾದ ಮೇಲೆ ಹಾದು ಊರಿಗೆ ಹೊರಟೆವು. ಸ್ಟೇರಿಂಗು ಎಡಕ್ಕೆ ಇದ್ದದ್ದರಿಂದ ಮುಂದೆ ಬಂಡಿ ಅಡ್ಡ ಬಂದರೆ ಅಣ್ಣನಿಗೆ ಅದರಾಚೆಯ ರಸ್ತೆ ಕಾಣುತ್ತಿರಲಿಲ್ಲ. ಬಲಕ್ಕೆ ಕೂತ ನಾನು ತಲೆ ಹೊರಗೆ ಚಾಚಿ ನೋಡಿ "ಹೊಡಿ" ಎಂದರೆ ಹೊಡೆಯುತ್ತಿದ್ದ, "ತಡಿ" ಎಂದರೆ ತಡೆಯುತ್ತಿದ್ದ. ಒಂದು ಸಲವೂ "ನೋಡಿದಿ ಹೌದಲ್ಲೊ?" ಎಂದು ಕೇಳಲಿಲ್ಲ.

ಮನೆಗೆ ಬಂದಾಗ ಅವ್ವ ಹೊಸ ಎತ್ತಿಗೆ ಮಾಡುವುದನ್ನೆಲ್ಲ ಮಾಡಿದಳು. ನಾಲ್ಕೂ ಚಕ್ರಕ್ಕೆ ನೀರು ಹಾಕಿದಳು, ಮುಂದೆ ವಿಭೂತಿ ಎಳೆದಳು. ಜೀಪನ್ನು ಕೊಟ್ಟಿಗೆಗೆ ತಂದು ಎತ್ತಿಗೆ ಮೇವು ಹಾಕುವ ಖಾಲಿ ಗ್ವಾದಲಿಯ ಮುಂದೆ ನಿಲ್ಲಿಸಲು ಹೇಳಿ, ಅದರಲ್ಲಿ ಒಂದು ಹಿಡಿ ಜೋಳದ ಕಣಿಕಿಯನ್ನೂ ಇಟ್ಟಳು.

ಬಾಗಿಲಲ್ಲಿ ನೆರೆದವರಲ್ಲಿ ಒಬ್ಬ ಕೂಗಿದ: "ಯವ್ವಾ, ಇದು ಮೇವು ತಿಂದು ಸಗಣಿ ಹಾಕಿದ್ರ ಯಾರು ಬಳೀಬೇಕು?"

"ನಿನ್ನ ನಾಲಿಗಿ ಅದಲಾ, ಅದರಿಂದ ಬಳಿಸ್ತೀನಿ," ಎಂದಳು ಅವ್ವ. ಎಲ್ಲರೂ ನಕ್ಕರು. ಆಮೇಲೆ ಆಕೆ ನಮ್ಮಿಬ್ಬರ ಕಡೆ ತಿರುಗಿ ನಗದೆ ಹೇಳಿದಳು: "ಇನ್ನ ಮ್ಯಾಲ ಇದರ ಐಬು ಯಾರೂ ಆಡಬ್ಯಾಡ್ರಿ. ಗ್ವಾದಲಿ ಮುಟ್ಟಿದ ಎತ್ತಿನ ಐಬು ಆಡಿದ್ರ, ಅದು ಎತ್ತು ಬಿಟ್ಟು ಮನಿ ಮಂದಿಗಿ ಹತ್ತತದ."

ಇದು ನಮ್ಮಲ್ಲಿ ಹಿರಿಯರು ನಡೆಸಿಕೊಂಡು ಬಂದ ಮಾತು. ಅವತ್ತು ರಾತ್ರಿ ಊಟ ಆದ ಮೇಲೆ ಹೇಳಿಬಿಡೋಣ ಎಂದು ನಾನು ದಾರಿಯಲ್ಲೇ ಅರ್ಧ ಮನಸ್ಸು ಮಾಡಿದ್ದೆ. ಅವ್ವನ ಮಾತು ಕೇಳಿದ ಮೇಲೆ ಆ ಅರ್ಧವೂ ಹೋಯಿತು. ಹೆದರಿಕೆ ಒಂದು, ನೆವ ಒಂದು; ಎರಡೂ ಒಂದೇ ಕಡೆಯಿಂದ ಸಿಕ್ಕವು.

ಎತ್ತುಗಳ ಮೈ ತೊಳೆಯುವುದು ಮೊದಲಿನಿಂದ ನನ್ನ ಕೆಲಸ. ಜೀಪು ತೊಳೆಯುವುದೂ ನನಗೇ ಬಂತು. ಬೆಳಗಾಗಿ ಅಣ್ಣ ಏಳುವ ಮುಂಚೆ ನಾನು ಕೊಟ್ಟಿಗೆಗೆ ಹೋಗುತ್ತಿದ್ದೆ. ಹಿಂದಿನ ಚಕ್ರದ ಒಳಮೈಯನ್ನು ಹಳೆ ಧೋತರದ ಚೂರಿನಿಂದ ಒರೆಸುತ್ತಿದ್ದೆ. ಕೆಳಗಿನ ಕಲೆಯ ಮೇಲೆ ಬೂದಿ ಚೆಲ್ಲಿ ಕಾಲಿನಿಂದ ಉಜ್ಜುತ್ತಿದ್ದೆ. ಮೊದಮೊದಲು ಬರೀ ತೇವ ಇರುತ್ತಿತ್ತು. ಬರಬರುತ್ತ ಅರಿವೆ ಹಿಂಡಿದರೆ ಹನಿ ಬೀಳುವಂತಾಯಿತು. ಬದಿಯಲ್ಲಿ ಕಟ್ಟಿದ ಎತ್ತುಗಳು ಮೇವು ಬಿಟ್ಟು ನನ್ನನ್ನೇ ನೋಡುತ್ತಿದ್ದವು. ಅವು ಸುಮ್ಮನೆ ನೋಡುವ ಪ್ರಾಣಿಗಳು, ನನಗೂ ಗೊತ್ತು. ಆದರೂ ನಾನು ಅವುಗಳ ಕಡೆ ಬೆನ್ನು ಮಾಡಿ ಕೂರತೊಡಗಿದೆ.

ಅಣ್ಣನೋ, ಆ ದಿನಗಳಲ್ಲಿ ಬೇರೆಯೇ ಮನುಷ್ಯನಾಗಿದ್ದ. ಯಾರಿಗಾದರೂ ಹೆರಿಗೆ ನೋವು ಎಂದರೆ, ಹಾವು ಕಚ್ಚಿತು ಎಂದರೆ, ಕರೆಯುವ ಮುಂಚೆ ಜೀಪಿನ ಹತ್ತಿರ ಇರುತ್ತಿದ್ದ. ಉಮರ್ಗಾದ ದವಾಖಾನೆಗೆ ಎಷ್ಟೋ ಮಂದಿಯನ್ನು ಮುಟ್ಟಿಸಿದ. ಮರಳಿ ಬಂದಾಗ ಜೀಪಿನ ಮುಂಭಾಗ ತಟ್ಟಿ, "ಅಪ್ಪನ ಕಾಲಕ್ಕ ನೀ ಎಲ್ಲಿ ಹೋಗಿದ್ದಿ?" ಎನ್ನುತ್ತಿದ್ದ. ನಾನು ಅಲ್ಲಿಂದ ಎದ್ದು ಹೋಗುತ್ತಿದ್ದೆ.

ಮಳೆಗಾಲ ಹಿಡಿಯುವ ಹೊತ್ತಿಗೆ ಡಬ್ಬಿಯ ಎಣ್ಣೆ ಮುಗಿಯಿತು. ಉಮರ್ಗಾದಲ್ಲಿ ಕೇಳಿ ತರಬಹುದಿತ್ತು. ಯಾಕೆ ಎಂದು ಅಣ್ಣ ಕೇಳಿದರೆ ಏನು ಹೇಳುವುದು? ಬಂಡಿಯ ಅಚ್ಚಿಗೆ ಹಾಕುವ ಔಡಲ ಎಣ್ಣೆ ಕೊಟ್ಟಿಗೆಯ ಗೂಡಿನಲ್ಲಿ ಇತ್ತು. ಎಣ್ಣೆ ಎಂದರೆ ಎಣ್ಣೆ, ಚಕ್ರ ಎಂದರೆ ಚಕ್ರ ಎಂದು ಅದನ್ನೇ ಹಾಕಿದೆ. ಮರುದಿನ ಪೆಡಲು ಗಟ್ಟಿಯಾಗಿತ್ತು. ಅಣ್ಣ, "ನಮ್ಮ ಎತ್ತು ಹದಕ್ಕ ಬಂತು ನೋಡು," ಎಂದ. ನನಗೆ ಉಸಿರು ಬಂದಂತಾಯಿತು. ಬಂಡಿಯಲ್ಲಿ ಹುಟ್ಟಿ ಬೆಳೆದವರಿಗೆ ಮಾತ್ರ ಇಂಥ ಬುದ್ಧಿ ಹೊಳೆಯುತ್ತದೆ.

ಪಂಚಮಿ ಹಬ್ಬ ಬಂತು. ಪಂಚಮಿಗೆ ಅಣ್ಣತಮ್ಮಂದಿರು ಹೋಗಿ ತಂಗಿಯನ್ನು ತವರಿಗೆ ಕರೆತರಬೇಕು. ಅವ್ವ ಉಂಡಿ ಕಟ್ಟಿದ್ದಳು. ಬೇವಿನ ಮರಕ್ಕೆ ನಾನೇ ಜೋಕಾಲಿ ಹಗ್ಗ ಹಾಕಿದ್ದೆ. ಅವತ್ತು ಬೆಳಿಗ್ಗೆ ಕೊಟ್ಟಿಗೆಗೆ ಹೋದರೆ ಆ ಚಕ್ರ ಪೂರಾ ತೊಯ್ದಿತ್ತು. ಹಿಂದಿನ ದಿನ ಮಳೆ ಬಂದಿತ್ತು, ಸೂರು ಸೋರಿತ್ತು. ಮಳೆ ನೀರೇ ಇರಬೇಕು ಎಂದುಕೊಂಡೆ. ಬೆರಳು ಹಚ್ಚಿ ನೋಡಲಿಲ್ಲ. ನೋಡಿದರೆ ಗೊತ್ತಾಗುತ್ತಿತ್ತು, ಅದಕ್ಕೇ ನೋಡಲಿಲ್ಲ. ಗೂಡಿನಲ್ಲಿ ಉಳಿದ ಎಣ್ಣೆಯನ್ನೆಲ್ಲ ಸುರಿದು ಮುಚ್ಚಳ ಹಾಕಿದೆ.

ತಂಗಿಯ ಅತ್ತೆಮನೆಯ ಮುಂದೆ ಜೀಪು ನಿಂತಾಗ ಆಕೆಯ ಮಾವ ಹೊರಗೆ ಬಂದು ಹಣೆಗೆ ಕೈ ಹಚ್ಚಿ ನೋಡಿದ. "ಏನ್ರೀ ಬೀಗರ, ಸೊಸಿನ ಕರೀಲಿಕ್ಕ ಪಲ್ಟನ್ನೇ ತಂದೀರಲಾ!"

"ಕಳಸಂಗಿಲ್ಲ ಅಂದ್ರ ಲಡಾಯಿ ಮಾಡಬೇಕಲ್ರಿ ಮಾಮಾ," ಎಂದ ಅಣ್ಣ.

ತಂಗಿ ಹಸಿರು ಬಳೆ ತುಂಬ ಇಟ್ಟುಕೊಂಡು ಬಂದಳು. ನಾನು ಬಲಗಡೆ ಕೂರಲು ಹೋದರೆ ನನ್ನ ಅಂಗಿ ಹಿಡಿದು ಜಗ್ಗಿದಳು. "ಹಿಂದ ಕೂಡೋ ನೀ. ನನ್ನ ಅಣ್ಣಗ ಹಾದಿ ನಾ ಹೇಳತೀನಿ." ನಾನು ಗಂಟುಗಳ ಜೊತೆ ಹಿಂದೆ ಕೂತೆ. ನನ್ನ ಜಾಗದಲ್ಲಿ ಆಕೆ ಕೂತಳು.

ಊರು ದಾಟಿದ ಮೇಲೆ ಅಣ್ಣ ತಿರುಗದೆ ಹೇಳಿದ: "ಯಾಕೋ ಇವತ್ತ ಮೂರು ಸಲ ತುಳೀಬೇಕಾಗ್ಲಿಕತ್ತದ."

ಆಗಲೂ ಹೇಳಬಹುದಿತ್ತು. ಜೀಪು ಅಲ್ಲೇ ನಿಲ್ಲಿಸಿ ಬಂಡಿ ಕೇಳಿ ಹೋಗಬಹುದಿತ್ತು. ರಸ್ತೆ ಸಮ ಇತ್ತು, ಮಳೆ ನಿಂತಿತ್ತು, ಬದಿಯ ಹೊಲದಲ್ಲಿ ಮಂದಿ ಕಳೆ ತೆಗೆಯುತ್ತಿದ್ದರು.

"ಮಳಿಗಿ ಹಂಗ ಆಗತದ," ಎಂದೆ.

ನೀಲಂಗಾದ ಈಚೆ ರಸ್ತೆ ಒಂದು ಹಳ್ಳಕ್ಕೆ ಇಳಿಯುತ್ತದೆ. ಇಳಿಜಾರು ನೆಟ್ಟಗೆ, ಎರಡೂ ಕಡೆ ಕಡಿದ ದಿಬ್ಬ. ಮೇಲಿನಿಂದ ನೋಡಿದರೆ ಹಳ್ಳದ ತುಂಬ ಕುರಿ. ಬೀರಪ್ಪನ ಒಕ್ಕಲಿನ ಕುರುಬರು ಹಿಂಡು ದಾಟಿಸುತ್ತಿದ್ದರು. ಅವರ ಹೆಂಗಸರು, ತಲೆಯ ಮೇಲೆ ಗಂಟು ಹೊತ್ತವರು, ಕುರಿಗಳ ನಡುವೆ ನೀರಿನಲ್ಲಿ ಇದ್ದರು. ತಂಗಿ, "ತಡಿ ಅಣ್ಣಾ, ಕುರಿ ಅವ," ಎಂದಳು.

ಹಿಂದೆ ಕೂತ ನನಗೆ ಅಣ್ಣನ ಮೊಣಕಾಲು ಕಾಣುತ್ತಿತ್ತು. ಅದು ಎದ್ದಿತು, ಬಿದ್ದಿತು. ಮತ್ತೆ ಎದ್ದಿತು, ಬಿದ್ದಿತು. ಆಮೇಲೆ ಒಂದೇ ಸವನೆ ಎದ್ದು ಬೀಳತೊಡಗಿತು. ಜೀಪು ನಿಲ್ಲಲಿಲ್ಲ. ಅವನ ಕೈ ಪಕ್ಕದ ಕೈಬ್ರೇಕಿಗೆ ಹೋಯಿತು, ಅದೂ ಹಿಡಿಯಲಿಲ್ಲ. ಕುರುಬರು ಕೂಗಿದರು. ನಾಯಿಗಳು ಬೊಗಳಿದವು. ಅಣ್ಣ ಆ ಹೆಂಗಸರ ಮೇಲೆ ಹಾಯಬಾರದೆಂದು ಸ್ಟೇರಿಂಗು ಪೂರಾ ಎಡಕ್ಕೆ ತಿರುವಿದ. ಎಡಗಡೆಯ ಚಕ್ರಗಳು ದಿಬ್ಬ ಹತ್ತಿದವು. ಜೀಪು ನಿಧಾನವಾಗಿ, ಎತ್ತು ಮಗ್ಗಲು ಹಾಕುವ ಹಾಗೆ, ಬಲಕ್ಕೆ ಉರುಳಿತು.

ತಂಗಿಯ ಬಲಗೈ ಹೊರಗಿನ ಕಬ್ಬಿಣ ಹಿಡಿದಿತ್ತು. ಅದರ ಮೇಲೆ ಜೀಪು ಬಿತ್ತು.

ಕುರುಬರು ಹೆಗಲು ಕೊಟ್ಟು ಜೀಪು ಎತ್ತಿದರು. ಒಬ್ಬ ಮುದುಕ ತನ್ನ ರುಮಾಲು ಹರಿದು ಕೈಗೆ ಸುತ್ತಿ, ಬೀರಪ್ಪನ ಅರಿಶಿನದ ಭಂಡಾರ ಆಕೆಯ ಹಣೆಗೆ ಹಚ್ಚಿದ. ಅಣ್ಣನ ತಲೆಗೆ ಪೆಟ್ಟು ಬಿದ್ದಿತ್ತು. ಅವನು ಕೆಸರಿನಲ್ಲಿ ಕೂತು ಬಂದವರಿಗೆಲ್ಲ ಅದೇ ಮಾತು ಹೇಳುತ್ತಿದ್ದ: "ಎರಡನೇ ಸಲ ತುಳದಿಲ್ಲ ನಾ. ತುಳೀಬೇಕಿತ್ತು, ತುಳದಿಲ್ಲ."

ಅವನು ತುಳಿದಿದ್ದ. ನಾನು ನೋಡಿದ್ದೆ. ನಾನು ಅವನ ಬದಿಯಲ್ಲೇ ನಿಂತಿದ್ದೆ, ಮೈಮೇಲೆ ಒಂದು ಗೀರೂ ಇರಲಿಲ್ಲ. ಸುಮ್ಮನಿದ್ದೆ.

ಎತ್ತು ಹೂಡಿ ಜೀಪನ್ನು ಊರಿಗೆ ಎಳೆಸಿ ಅದೇ ಗ್ವಾದಲಿಯ ಮುಂದೆ ನಿಲ್ಲಿಸಿದೆವು. ಅಣ್ಣ ಅದನ್ನು ಮತ್ತೆ ಮುಟ್ಟಲಿಲ್ಲ. ನಾನು ಮಾತ್ರ ಅವತ್ತೂ ಚಕ್ರ ಒರೆಸಿದೆ.

ತಂಗಿಯ ಕೈ ಉಳಿಯಿತು, ಬೆರಳು ಉಳಿಯಲಿಲ್ಲ. ಮುದುಡಿ ಒಣಗಿದವು. ನಮ್ಮ ಕಡೆ ಜೋಳದ ರೊಟ್ಟಿಯನ್ನು ಅಂಗೈಯಿಂದ ಬಡಿಯಬೇಕು. ಆ ಕೈ ಇಲ್ಲದ ಹೆಣ್ಣನ್ನು ಅತ್ತೆಮನೆಯವರು ಕೆಲವು ತಿಂಗಳು ಇಟ್ಟುಕೊಂಡು, ಮರುಪಂಚಮಿಗೆ ತಾವೇ ಬಂಡಿಯಲ್ಲಿ ತಂದು ಬಿಟ್ಟು ಹೋದರು. ಮತ್ತೆ ಕರೆಯಲು ಬರಲಿಲ್ಲ. ಆಕೆಯ ಗಂಡ ಬೇರೆ ಲಗ್ನ ಮಾಡಿಕೊಂಡ. ಅಣ್ಣನಿಗೆ ಹೆಣ್ಣು ಕೊಡಲು ಯಾರೂ ಮುಂದೆ ಬರಲಿಲ್ಲ. "ಷೋಕಿಗಿ ಗಾಡಿ ಹೊಡದು ಸ್ವಂತ ತಂಗಿ ಬಾಳು ಮುರದಾಂವ" ಎಂಬ ಹೆಸರು ಉಮರ್ಗಾದ ಸಂತೆಯವರೆಗೆ ಹಬ್ಬಿತ್ತು. ಅವ್ವ ಆ ಚಳಿಗಾಲದಲ್ಲಿ ತೀರಿಕೊಂಡಳು.

ಆಮೇಲೆ ಅಣ್ಣ ರೊಟ್ಟಿ ಬಡಿಯಲು ಕಲಿತ. ಗಂಡಸು ಒಲೆಯ ಮುಂದೆ ಕೂತು ರೊಟ್ಟಿ ಬಡಿಯುವ ಸಪ್ಪಳ ಓಣಿಗೆಲ್ಲ ಕೇಳುತ್ತಿತ್ತು. ಹಾದು ಹೋಗುವವರು, "ಏನವ್ವಾ, ಅಡಿಗಿ ಆತೇನು?" ಎಂದು ಕೂಗುತ್ತಿದ್ದರು. ಅಣ್ಣ ತಲೆ ಎತ್ತುತ್ತಿರಲಿಲ್ಲ. ಮೊದಲ ರೊಟ್ಟಿ ತಂಗಿಗೆ, ಎರಡನೆಯದು ನನಗೆ.

ತಂಗಿ ಅವನ ಜೊತೆ ಮಾತು ಬಿಟ್ಟಿದ್ದಳು. ಆಣೆ ಹಾಕಿ ಬಿಟ್ಟದ್ದಲ್ಲ. ಜಗಳವೂ ಆಗಲಿಲ್ಲ. ಮಾತು ನಿಂತಿತ್ತು, ಅಷ್ಟೇ. ಏನಿದ್ದರೂ ನನ್ನ ಮೂಲಕ.

"ಅಂವಗ ಹೇಳು, ರೊಟ್ಟಿ ಅಂಚಿಗಿ ದಪ್ಪ ಆಗ್ಯಾವ."

"ಆಕಿಗಿ ಹೇಳು, ನಾಳಿಗಿ ತೆಳ್ಳಗ ಬಡೀತೀನಿ."

ಮೂವರೂ ಅದೇ ಒಲೆಯ ಸುತ್ತ ಕೂತಿರುತ್ತಿದ್ದೆವು. ಇಬ್ಬರ ನಡುವೆ ಗೋಡೆ ಕಟ್ಟಿದವನೇ ಕಿಂಡಿಯೂ ಆಗಿದ್ದೆ. ಅದನ್ನು ವರ್ಷಗಟ್ಟಲೆ ಮಾಡಿದೆ.

ಜಿಲ್ಲೆ ಹೈದರಾಬಾದ್ ಬಿಟ್ಟು ಮುಂಬಯಿ ರಾಜ್ಯಕ್ಕೆ ಸೇರಿತು. ಕೊಟ್ಟಿಗೆಯಲ್ಲಿ ಜೀಪಿನ ಸೀಟಿನ ಮೇಲೆ ಕೋಳಿಗಳು ಮೊಟ್ಟೆ ಇಡತೊಡಗಿದವು. ಒಂದು ದಿನ ಬೆಳಿಗ್ಗೆ ಲೋಹಾರಾದ ಕಡೆಯ ಒಬ್ಬ ಹುಡುಗ ಕೇಳಿಕೊಂಡು ಬಂದ. ಹೊಸದಾಗಿ ಲಗ್ನವಾದವನು. ಅವರ ಹಳ್ಳಿಗೆ ಬಸ್ಸು ಇಲ್ಲ, ಹೆಂಡತಿಗೆ ದಿನ ತುಂಬುತ್ತಿವೆ. ಹೊಸದು ಕೊಳ್ಳುವ ಶಕ್ತಿ ಇಲ್ಲ, ಹಳೆಯದೇ ಸಾಕು ಎಂದ. ಜೀಪಿನ ಸುತ್ತ ತಿರುಗಿ ಅದರ ಮುಂಭಾಗ ತಟ್ಟಿದ. ಟಣ್ಣೆಂದಿತು. ಉದಗೀರದಲ್ಲಿ ಅಣ್ಣನ ಮುಖ ಅರಳಿದ ಹಾಗೆಯೇ ಅವನ ಮುಖ ಅರಳಿತು.

"ಐಬು ಏನರೆ ಅದ ಏನ್ರಿ ಕಾಕಾ?" ಎಂದು ಕೇಳಿದ.

ಅಣ್ಣ ಒಲೆಯ ಮುಂದಿನಿಂದ ಎದ್ದು ಬಂದಿದ್ದ. ಮುಂಗೈಗೆ ಹಿಟ್ಟು ಹತ್ತಿತ್ತು. "ಗಾಡಿಗಿ ಐಬಿಲ್ಲಪಾ. ಐಬು ನನ್ನ ಕಾಲಾಗ ಇತ್ತು. ಎರಡು ಸಲ ತುಳೀಬೇಕು, ಇಷ್ಟ ನೆನಪಿಡು. ನಾ ಒಂದೇ ಸಲ ತುಳದೆ. ನನ್ನ ತಂಗಿ ಕೈ ಹೋತು."

ತಂಗಿ ಬಾಗಿಲಲ್ಲಿ ನಿಂತಿದ್ದಳು. ಮುದುಡಿದ ಕೈ ಸೆರಗಿನ ಒಳಗೆ ಇತ್ತು. ಆಕೆ ಅಣ್ಣನ ಕಡೆ ನೋಡಲಿಲ್ಲ, ನೆಲ ನೋಡುತ್ತಿದ್ದಳು.

ಅಣ್ಣ ವಸ್ತ್ರ ಹಾಸಿದ. ಹುಡುಗ ಕೈ ಒಳಗೆ ಇಟ್ಟ. ಅರಿವೆ ಅಲ್ಲಾಡಿತು.

"ಅಣ್ಣಾ, ಕೈ ಹೊರಗ ತೆಗಿ," ಎಂದೆ.

ಅವನು ನನ್ನನ್ನು ನೋಡಿದ. "ಏ ಪಂಡಿತಾ, ಕೈ ಒಳಗ ಇದ್ದಾಗ..." ಎಂದು ನಿಲ್ಲಿಸಿದ. ಜೀಪು ಉರುಳಿದ ಮೇಲೆ ಆ ಹೆಸರಿನಿಂದ ಅವನು ನನ್ನನ್ನು ಕರೆದದ್ದು ಅದೇ ಮೊದಲು.

"ತೆಗಿ ಅಣ್ಣಾ. ಇದಕ್ಕ ಐಬು ಅದ. ಉದಗೀರದಾಗೇ ಇತ್ತು. ಆ ಹಿಂದಿನ ಗಾಲಿಯಿಂದ ಬ್ರೇಕಿನ ಎಣ್ಣಿ ಸೋರತಿತ್ತು, ನಾ ಬೆರಳು ಹಚ್ಚಿ ನೋಡಿದ್ದೆ. ನೀ ಕೇಳಿದಿ, ನಾ ಬರೋಬ್ಬರಿ ಅದ ಅಂದೆ."

ಹುಡುಗ ಮೆಲ್ಲಗೆ ಕೈ ಎಳೆದುಕೊಂಡು ಹಿಂದೆ ಸರಿದ. ನಾನು ದಿನಾ ಒರೆಸಿದ್ದು, ಡಬ್ಬಿ, ಔಡಲ ಎಣ್ಣೆ, ಪಂಚಮಿಯ ಬೆಳಿಗ್ಗೆ ಮುಟ್ಟಿ ನೋಡದೆ ಬಿಟ್ಟದ್ದು, "ಮಳಿಗಿ ಹಂಗ ಆಗತದ" ಅಂದದ್ದು, ಎಲ್ಲ ಹೇಳಿದೆ. ಅಣ್ಣ ವಸ್ತ್ರದ ಒಳಗೆ ಖಾಲಿ ಕೈ ಇಟ್ಟುಕೊಂಡೇ ನಿಂತಿದ್ದ. ಹೊಡೆಯುತ್ತಾನೆ ಎಂದುಕೊಂಡೆ. ಹೊಡೆದಿದ್ದರೆ ಚೆನ್ನಾಗಿರುತ್ತಿತ್ತು. ಅವನು ಒಂದೇ ಮಾತು ಕೇಳಿದ.

"ನಾ ತುಳದಿದ್ದೆ?"

"ತುಳದಿದ್ದಿ. ಎರಡಲ್ಲ, ಒಂದೇ ಸವನ ತುಳದಿ. ಗಾಡಿ ಉರಳೋ ತನಕ ನಿನ್ನ ಮೊಣಕಾಲು ನಿಂದರಲಿಲ್ಲ. ನಾ ಹಿಂದ ಕೂತು ನೋಡೀನಿ."

ತಂಗಿ ಹೊಸ್ತಿಲು ಇಳಿದು ಅಂಗಳಕ್ಕೆ ಬಂದಳು. ಇಬ್ಬರ ಮುಂದೆಯೂ ನಿಂತು, ಇಷ್ಟು ವರ್ಷ ಬೇರೆಯವರ ಮಾತು ಹೊತ್ತ ಬಾಯಿಂದ ನಾನು ನನ್ನದೊಂದು ಮಾತು ಆಡಿದೆ.

"ನಂದು ತಪ್ಪಾತು ಅಣ್ಣಾ. ನೀ ಹೊತ್ತಿದ್ದು ನಿಂದಲ್ಲ, ನಂದು. ಯವ್ವಾ ತಂಗೀ, ನಿನ್ನ ಕೈ ಮುರದಾಂವ ಅಂವ ಅಲ್ಲ, ನಾ. ತಪ್ಪಾತು."